ಅಪೆಂಡಿಸೈಟಿಸ್‌ನ 'ಕಾಂಪ್ಲಿಕೇಶನ್', ಹೊಟ್ಟೆಯೊಳಗಿನ 'ಲಿಂಫ್ ನೋಡ್': ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅಪೆಂಡಿಸೈಟಿಸ್, ಅಂದರೆ ದೊಡ್ಡಕರುಳಿನ ಆರಂಭಕ್ಕೆ ಅಂಟಿಕೊಂಡ ಬಾಲದಂಥ ಪುಟ್ಟ ಅಂಗವಾದ ಅಪೆಂಡಿಕ್ಸ್‌ನ ಉರಿಯೂತದ ಬಗ್ಗೆ, ರೋಗಿಗಳಿಗೂ ಅವರ ಮನೆಯವರಿಗೂ ಕೊಡುವ ಮಾಹಿತಿಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅದು ಅಚ್ಚಿಗೆ ಹೋಗಬೇಕು. ಚಿಕಿತ್ಸೆ ತಡವಾದರೆ ಅಪೆಂಡಿಕ್ಸ್ ಒಡೆಯುವುದು, ಕೀವುಗಟ್ಟುವುದು, ಹೊಟ್ಟೆಯ ಒಳಪೊರೆಗೆ ಸೋಂಕು ಹರಡುವುದು, ಇವೆಲ್ಲವನ್ನೂ ಒಟ್ಟಾಗಿ ಸೂಚಿಸುವ 'ಕಾಂಪ್ಲಿಕೇಶನ್ಸ್' ಎಂಬುದಕ್ಕೆ 'ಜಟಿಲತೆಗಳು' ಎಂದು ಬರೆದಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ಕಡೆ, ಮಕ್ಕಳಲ್ಲಿ ಕರುಳನ್ನು ಹಿಡಿದಿಡುವ ಪೊರೆಯ ಲಿಂಫ್ ನೋಡ್‌ಗಳು (ಸೋಂಕನ್ನು ತಡೆಯುವ ಸಣ್ಣ ಗ್ರಂಥಿಗಳು) ಊದಿಕೊಂಡಾಗ ಅಪೆಂಡಿಸೈಟಿಸ್‌ನಂತೆಯೇ ಬಲಗಡೆಯ ಕೆಳಹೊಟ್ಟೆ ನೋಯಬಹುದು, ಆದರೆ ಅದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ ಎಂಬ ವಾಕ್ಯವಿದೆ. ಇಲ್ಲಿ 'ದುಗ್ಧರಸ ಗ್ರಂಥಿ' ಎನ್ನಲೇ, 'ಹಾಲುರಸದ ಗಂಟು' ಎನ್ನಲೇ?

ಮರು:

'ಜಟಿಲತೆ' ಬೇಡ. ಜಡೆಗಟ್ಟಿದ್ದು ಜಟಿಲ, ಒಂದು ರೋಗದ ಬೆನ್ನಿಗೆ ಹುಟ್ಟುವ ಮತ್ತೊಂದು ಕೇಡನ್ನು ಆ ಪದ ಹೇಳುವುದಿಲ್ಲ. ಆಯುರ್ವೇದದ 'ಉಪದ್ರವ' ಸರಿಯಾಗಿ ಇದೇ ಅರ್ಥದ ಪಾರಿಭಾಷಿಕ ಪದವಾದರೂ ಇಂದಿನ ಓದುಗರಿಗೆ ಅದು ಬರೀ ಕಿರುಕುಳವಾಗಿ ಕೇಳಿಸುವುದರಿಂದ 'ತೊಡಕುಗಳು' ಎಂದು ಬರೆಯಿರಿ.

'ದುಗ್ಧ', ಅಂದರೆ ಹಾಲು, ಎಂಬ ಪದದ ವಿಷಯದಲ್ಲಿ ನನ್ನದೊಂದು ಹಳೆಯ ಹಟವಿದೆ. ಲ್ಯಾಟಿನ್ನಿನ 'ಲಿಂಫಾ' ಎಂದರೆ ತಿಳಿನೀರು. ಕುತ್ತಿಗೆಯಲ್ಲೋ ತೊಡೆಸಂದಿಯಲ್ಲೋ ಹರಿಯುವ ಆ ದ್ರವಕ್ಕೆ ಹಾಲಿನ ಹೆಸರಿಡುವುದು ತಪ್ಪೆಂದು ಆಕ್ಷೇಪಿಸುವವರು ಕರುಳಿನ ಪೊರೆಯ ಮುಂದೆ ಮಾತ್ರ ಸುಮ್ಮನಾಗಬೇಕಾಗುತ್ತದೆ. ಜಿಡ್ಡಿನ ಆಹಾರ ಜೀರ್ಣವಾಗುವಾಗ ಅಲ್ಲಿನ ನಾಳಗಳು ನಿಜವಾಗಿಯೂ ಹಾಲಿನಂತೆ ಬೆಳ್ಳಗಾಗುತ್ತವೆ, ಮತ್ತು 1622ರಲ್ಲಿ ಇಟಲಿಯ ವೈದ್ಯ ಗಾಸ್ಪಾರೆ ಅಸೆಲ್ಲಿ ನಾಯಿಯೊಂದರ ಹೊಟ್ಟೆಯಲ್ಲಿ ಕಂಡದ್ದು ಆ ಬಿಳಿಯ ನಾಳಗಳನ್ನೇ. ಆದ್ದರಿಂದ ನಿಮ್ಮ ವಾಕ್ಯದಲ್ಲಿ 'ದುಗ್ಧರಸ'ಕ್ಕೆ ಪೂರ್ಣ ಹಕ್ಕಿದೆ. 'ಗ್ರಂಥಿ'ಯೂ ಮೂಲದಲ್ಲಿ ಗಂಟೇ, 'ನೋಡ್' ಎಂಬುದೂ ಗಂಟೇ. ರಸ ಸ್ರವಿಸುವ ಅಂಗಕ್ಕೆ 'ಗ್ರಂಥಿ' ಎಂಬ ಹೆಸರನ್ನು ಅಂಟಿಸಿದ್ದು ನಂತರದ ಪಠ್ಯಪುಸ್ತಕಗಳು.

ಮರು:

ಮಗು ಹೊಟ್ಟೆ ಹಿಡಿದುಕೊಂಡು ಅಳುತ್ತಿರುವಾಗ ತಾಯಿ ಓದಬೇಕಾದ ಹಾಳೆಯಲ್ಲಿ ಅಸೆಲ್ಲಿಯ ನಾಯಿಗೆ ಕೆಲಸವಿಲ್ಲ. 'ಅಪೆಂಡಿಕ್ಸ್' ಏಕೆ, 'ಕರುಳುಬಾಲ' ಎನ್ನಬಾರದೇ? ಅದರ ಕಾಯಿಲೆಯನ್ನು ಹೇಳಲು ಉರಿಯೂತ ಎಂಬ ಅಚ್ಚಗನ್ನಡ ಪದವೂ ಇದೆ. ದಯವಿಟ್ಟು 'ಕರುಳುಬಾಲಶೋಥ' ಎಂದು ಮಾತ್ರ ಬರೆಯಬೇಡಿ, ಅದು ಕನ್ನಡಕ್ಕೆ ಸಂಸ್ಕೃತದ 'ಶೋಥ' (ಊತ) ಬೆಸೆದ ಅರಿಸಮಾಸ.

ಮರು:

ಅರಿಸಮಾಸದ ಭಯ ಕನ್ನಡಿಗರಿಗಷ್ಟೇ ಇದ್ದಂತಿದೆ. 1886ರಲ್ಲಿ ಅಮೆರಿಕದ ವೈದ್ಯ ರೆಜಿನಾಲ್ಡ್ ಫಿಟ್ಜ್ ಲ್ಯಾಟಿನ್ನಿನ 'ಅಪೆಂಡಿಕ್ಸ್'ಗೆ ಉರಿಯೂತವನ್ನು ಸೂಚಿಸುವ ಗ್ರೀಕಿನ 'ಐಟಿಸ್' ಹಚ್ಚಿ 'ಅಪೆಂಡಿಸೈಟಿಸ್' ಎಂದರು, ಜಗತ್ತು ಅದನ್ನೇ ಉಳಿಸಿಕೊಂಡಿತು. ನೋವಿನಲ್ಲಿರುವವರು ವೈದ್ಯರೆದುರು ಹೇಳುವುದೂ 'ಅಪೆಂಡಿಕ್ಸ್' ಎಂದೇ. ಎರವಲಾದರೇನು, ಅದನ್ನು ಬಿಟ್ಟು 'ಕರುಳುಬಾಲ' ಎಂದು ಅಚ್ಚುಹಾಕಿದರೆ ಯಾವ ಅಂಗವೆಂದು ಮತ್ತೆ ವಿವರಿಸಬೇಕಾಗುತ್ತದೆ. ಆದರೆ 'ಗಂಟು' ಖಂಡಿತ ಬೇಡ: ಹೊಟ್ಟೆಯಲ್ಲಿ ಗಂಟಿದೆ ಎಂದು ಓದಿದವರು ಕ್ಯಾನ್ಸರ್ ಎಂದೇ ತಿಳಿಯುತ್ತಾರೆ. 'ದುಗ್ಧರಸ ಗ್ರಂಥಿಗಳು ಊದಿಕೊಂಡಿವೆ' ಎಂದು ಬರೆದು, ಇವು ಸೋಂಕನ್ನು ತಡೆಯುವ ಸಣ್ಣ ಗ್ರಂಥಿಗಳು ಎಂದು ಪಕ್ಕದಲ್ಲೇ ಒಂದು ಸಾಲು ಸೇರಿಸಿ ಅಚ್ಚಿಗೆ ಕಳುಹಿಸಿ.