ಸ್ಟೀಲ್ ಟೋ ಸೇಫ್ಟಿ ಶೂ ಸಾಕೇ, ರೈಡಿಂಗ್ ಬೂಟೇ ಬೇಕೇ? ಮಲೆನಾಡಿನ ಮಳೆಗೆ, ದಿನದ ಓಡಾಟಕ್ಕೆ

ಕೊಪ್ಪದ_ಸವಾರ:
ಎಲ್ಲರಿಗೂ ನಮಸ್ಕಾರ. ಬೈಕು ಕ್ಲಾಸಿಕ್ 350. ವಾರವಿಡೀ ಕೊಪ್ಪ, ಶೃಂಗೇರಿ ಕಡೆ ಕೆಲಸದ ಓಡಾಟ, ರಜೆ ಸಿಕ್ಕರೆ ಆಗುಂಬೆ ಅಥವಾ ಚಾರ್ಮಾಡಿ ಇಳಿದು ಕರಾವಳಿಗೆ. ಮುಂದೆ ಮೂರು ಆಯ್ಕೆ ಇವೆ: ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಟೋ ಸೇಫ್ಟಿ ಶೂ, ಕಾಲುಗಿಣ್ಣು ಮುಚ್ಚುವ ಗಿಡ್ಡ ರೈಡಿಂಗ್ ಶೂ, ಕಣಕಾಲಿನ ಮೇಲಿನವರೆಗೆ ಬರುವ ಟೂರಿಂಗ್ ಬೂಟು. ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸ. ಸೇಫ್ಟಿ ಶೂಗೂ ಐಎಸ್‌ಐ ಗುರುತಿದೆ, ಚರ್ಮವೂ ದಪ್ಪ. ಅದು ಸಾಲದು ಅನ್ನುವವರು ಯಾಕೆ ಸಾಲದು ಅಂತ ಬಿಡಿಸಿ ಹೇಳಿ.

ಘಾಟಿರಸ್ತೆ:
ಸೇಫ್ಟಿ ಶೂ ಒಳ್ಳೆಯದೇ, ಆದರೆ ಅದನ್ನು ಮಾಡಿರುವುದು ಬೇರೆ ಅಪಾಯಕ್ಕೆ. ಸೇಫ್ಟಿ ಶೂಗಳ ಭಾರತೀಯ ಮಾನದಂಡ ಐಎಸ್ 15298ರ ಎರಡನೇ ಭಾಗ ಮುಖ್ಯವಾಗಿ ನೋಡುವುದು ಬೆರಳಿನ ಮೇಲೆ ಏನಾದರೂ ಬಿದ್ದರೆ ಏನಾಗುತ್ತದೆ ಎಂಬುದನ್ನು. 200 ಜೂಲ್ ಪೆಟ್ಟು, 15 ಕಿಲೋನ್ಯೂಟನ್ ಒತ್ತಡ ತಡೆಯಬೇಕು. ಅದನ್ನು ಆ ಉಕ್ಕಿನ ಟೊಪ್ಪಿ ತಡೆಯುತ್ತದೆ, ಸಂಶಯವಿಲ್ಲ.

ಬೈಕು ಬೀಳುವ ರೀತಿ ಬೇರೆ. ನಿಮ್ಮ ಕ್ಲಾಸಿಕ್ 195 ಕಿಲೋ. ಅದು ಮಗ್ಗುಲಿಗೆ ಒರಗಿದಾಗ ಪಾದ ಅಡ್ಡಡ್ಡ ಮಲಗಿರುತ್ತದೆ. ಒಂದು ಬದಿಯಲ್ಲಿ ರಸ್ತೆ, ಇನ್ನೊಂದು ಬದಿಯಲ್ಲಿ ಫುಟ್‌ರೆಸ್ಟ್ ಅಥವಾ ಎಂಜಿನ್. ಭಾರ ಬರುವುದು ಬೆರಳಿನ ಮೇಲಿನಿಂದಲ್ಲ, ಪಾದದ ಎರಡೂ ಮಗ್ಗುಲಿನಿಂದ. ಸೇಫ್ಟಿ ಶೂನ ಸೋಲ್ ದಿನವಿಡೀ ನಡೆಯುವವರಿಗಾಗಿ ಮಾಡಿದ್ದು, ಬಾಗುವಂಥದ್ದು. ಟೊಪ್ಪಿ ಮುಗಿದ ಕೂಡಲೇ ಅಡ್ಡ ಬಿಗಿತವೂ ಮುಗಿಯುತ್ತದೆ. ಗಿಣ್ಣಿನ ಎರಡು ಎಲುಬಿನ ಮೇಲೆ ಚರ್ಮ ಬಿಟ್ಟರೆ ಏನೂ ಇಲ್ಲ.

ರೈಡಿಂಗ್ ಬೂಟಿಗೆ ಯುರೋಪಿನ ಮಾನದಂಡ ಇಎನ್ 13634. 2017ರ ಆವೃತ್ತಿಯ ಬೂಟಿನ ಲೇಬಲ್‌ನಲ್ಲಿ ಬೈಕ್ ಸವಾರನ ಚಿತ್ರ, ಅದರ ಜೊತೆ ನಾಲ್ಕು ಅಂಕಿ ಇರುತ್ತವೆ. ಒಂದೊಂದೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರ. ಎರಡನೆಯದು ರಸ್ತೆಯಲ್ಲಿ ಉಜ್ಜಿದರೆ ಎಷ್ಟು ತಡೆಯುತ್ತದೆ ಎಂಬುದು. ಹೆಚ್ಚು ಉಜ್ಜುವ ಭಾಗಕ್ಕೆ 1 ಅಂದರೆ ಪರೀಕ್ಷಾ ಯಂತ್ರದ ಮೇಲೆ ಕನಿಷ್ಠ 5 ಸೆಕೆಂಡ್, 2 ಅಂದರೆ 12 ಸೆಕೆಂಡ್. ಮೂರನೆಯದು ಚೂಪಾದದ್ದು ಹೊಡೆದರೆ ಸೀಳುವುದನ್ನು ತಡೆಯುವ ಶಕ್ತಿ. ನಾಲ್ಕನೆಯದೇ ನಾನು ಮೇಲೆ ಹೇಳಿದ ಅಡ್ಡ ಬಿಗಿತ: 1ಕ್ಕೆ ಒಂದು ಕಿಲೋನ್ಯೂಟನ್, 2ಕ್ಕೆ ಒಂದೂವರೆ, ಅಂದರೆ ಸುಮಾರು 150 ಕಿಲೋ ಭಾರದಷ್ಟು ಬಲ. ಬೂಟು ಕೊಳ್ಳುವಾಗ ನಾಲ್ಕನೇ ಅಂಕಿಯನ್ನು ಮೊದಲು ನೋಡಿ. ಅಂಕಿಗಳ ಕೆಳಗೆ ಐಪಿಎ ಇದ್ದರೆ ಗಿಣ್ಣಿನ ಪೆಟ್ಟಿಗೆ, ಐಪಿಎಸ್ ಇದ್ದರೆ ಕಣಕಾಲಿನ ಪೆಟ್ಟಿಗೆ ಪ್ರತ್ಯೇಕ ಪರೀಕ್ಷೆ ಆಗಿದೆ ಎಂದರ್ಥ. ಡಬ್ಲ್ಯೂಆರ್ ನೀರಿಗೆ, ಎಫ್‌ಒ ಪೆಟ್ರೋಲ್ ಮತ್ತು ಆಯಿಲ್ ತಾಗಿದರೂ ಕೆಡದ ಸೋಲ್‌ಗೆ.

ಡಬ್ಬದ ಮೇಲೆ ಬರೀ 'ಸಿಇ' ಎಂಬ ಯುರೋಪಿನ ಗುರುತಿದ್ದು ಇಎನ್ 13634 ನಂಬರ್ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಕೆಲವೊಮ್ಮೆ ಒಳಗೆ ಹಾಕಿದ ಪ್ಯಾಡ್‌ಗೆ ಮಾತ್ರ ಆ ಗುರುತು ಇರುತ್ತದೆ, ಇಡೀ ಬೂಟಿಗಲ್ಲ.

ಸಿಲ್ಕ್‌ಬೋರ್ಡ್_ಸಂಜೆ:
ಗುರು, ಅಂಕಿ ವಿಷಯ ಒಪ್ಪಿದೆ. ಆದರೆ ಅದೇ ನಾಲ್ಕು ಅಂಕಿ ಗಿಡ್ಡ ಶೂಗೂ ಇರುತ್ತಲ್ಲ? ಎತ್ತರದ ಜಾಗದಲ್ಲಿ 1 ಇದ್ದು ಉಳಿದ ಮೂರೂ 2 ಇರುವ ಶೂಗಳು ಮಾರುಕಟ್ಟೆಯಲ್ಲಿ ಇವೆ. ದಿನಾ ಆಫೀಸಿಗೆ ಹೋಗುವವರಿಗೆ ಟೂರಿಂಗ್ ಬೂಟು ತಗೊಳ್ಳಿ ಅಂದರೆ ಏನಾಗುತ್ತೆ ಗೊತ್ತಲ್ಲ, ಒಂದು ತಿಂಗಳು ಹಾಕ್ತಾರೆ, ಆಮೇಲೆ ಬಾಲ್ಕನಿಯಲ್ಲಿ ಇಡ್ತಾರೆ. ಹಾಲು ತರೋಕೆ ಹೋಗುವಾಗ ಚಪ್ಪಲಿ, ಸ್ಟೇಷನ್‌ಗೆ ಬಿಡೋಕೆ ಹೋಗುವಾಗ ಚಪ್ಪಲಿ. ಬೆಂಗಳೂರಿನಂಥ ಟ್ರಾಫಿಕ್‌ನಲ್ಲಿ ಕಾಲಿಗೆ ಆಗುವ ಗಾಯ ಹೆಚ್ಚು ಸ್ಪೀಡಿನದ್ದಲ್ಲ: ನಿಲ್ಲಿಸುವಾಗ ಕಾಲು ಗುಂಡಿಗೆ ಇಳಿದು ಗಿಣ್ಣು ತಿರುಚುವುದು, ಆಟೋದ ಹಿಂಚಕ್ರ ಪಾದಕ್ಕೆ ತಾಗುವುದು, ನಿಂತ ಬೈಕು ವಾಲುವುದು. ಇದಕ್ಕೆಲ್ಲ ಗಿಡ್ಡ ಶೂ ಸಾಕು, ಅದನ್ನೇ ಹಾಕ್ಕೊಂಡು ಆಫೀಸಿನಲ್ಲಿ ದಿನ ಕಳೆಯಬಹುದು.

ಗಿಡ್ಡ ಶೂ ಆರಿಸುವಾಗ ಒಂದೇ ಜಾಗ್ರತೆ: ಲೇಸ್. ಲೇಸ್‌ನ ಗಂಟು ಗೇರ್ ಲಿವರ್‌ಗೆ ಸಿಕ್ಕಿಕೊಂಡರೆ ಸಿಗ್ನಲ್‌ನಲ್ಲಿ ಕಾಲು ಇಳಿಸೋಕೆ ಆಗಲ್ಲ, ಬೈಕಿನ ಜೊತೆ ಬೀಳ್ತೀವಿ. ಪಕ್ಕದಲ್ಲಿ ಜಿಪ್, ಲೇಸ್ ಮೇಲೆ ವೆಲ್ಕ್ರೋ ಪಟ್ಟಿ ಇರೋದು ತಗೊಳ್ಳಿ. ಇಲ್ಲದಿದ್ದರೆ ಗಂಟನ್ನು ನಾಲಗೆಯ ಒಳಗೆ ಸಿಕ್ಕಿಸಿಯೇ ಹೊರಡಿ.

ಘಾಟಿರಸ್ತೆ:
ಪೇಟೆಗೆ ನಿಮ್ಮ ಮಾತು ಸರಿ. ಇವರು ಕೇಳುತ್ತಿರುವುದು ಘಾಟಿಗೆ. ಆಗುಂಬೆಯ 14 ತಿರುವುಗಳಲ್ಲಿ ಎದುರಿನಿಂದ ಬಸ್ಸು ಬಂದಾಗ ಅಂಚಿನ ಕೆಸರಿಗೆ ಇಳಿಯಬೇಕಾಗುತ್ತದೆ. ಮುಂದಿನ ಚಕ್ರ ಜಾರಿದರೆ ಕಣಕಾಲಿಗೆ ಫುಟ್‌ರೆಸ್ಟ್ ಅಥವಾ ಕ್ರ್ಯಾಶ್ ಗಾರ್ಡ್ ಹೊಡೆಯುತ್ತದೆ. ಅಲ್ಲಿ ಎಲುಬಿನ ಮೇಲೆ ತೊಗಲು ಬಿಟ್ಟರೆ ಮಾಂಸವೇ ಇಲ್ಲ. ಗಿಡ್ಡ ಶೂ ಆ ಜಾಗಕ್ಕೆ ತಲುಪುವುದೇ ಇಲ್ಲ. ಪ್ಯಾಂಟಿನ ಮೊಣಕಾಲು ಪ್ಯಾಡ್ ಕೆಳಗಿನವರೆಗೆ ಇಳಿದು ಬರುವಂಥದ್ದಾದರೆ ಗಿಡ್ಡ ಶೂ ಜೊತೆ ನಡೆದೀತು, ಇಲ್ಲದಿದ್ದರೆ ಎತ್ತರದ್ದೇ ಸರಿ.

ಕುಡ್ಲ_ರೈಡರ್:
ಮಾರಾಯ್ರೆ, ಮಳೆಯ ವಿಷಯ ಯಾರೂ ಹೇಳಲೇ ಇಲ್ಲ. ನಮ್ಮಲ್ಲಿ, ನಿಮ್ಮ ಮಲೆನಾಡಲ್ಲಿ ಸುಮಾರು ಜನ ತೋಟದ ಗಂಬೂಟಲ್ಲೇ ಬೈಕು ಬಿಡ್ತಾರೆ. ನೀರು ಒಳಗೆ ಹೋಗುವುದಿಲ್ಲ, ಅದು ಸತ್ಯ. ಆದರೆ ಕಾಲಿಗೆ ಅದನ್ನು ಹಿಡಿದಿಡುವ ಪಟ್ಟಿ ಉಂಟಾ? ಇಲ್ಲ. ಬಿದ್ದು ಜಾರಿದಾಗ ಮೊದಲು ಕಳಚಿ ಹೋಗುವುದೇ ಅದು, ಆಮೇಲೆ ರಸ್ತೆಗೆ ಉಜ್ಜುವುದು ಬರೀ ಕಾಲು. ಮತ್ತೆ ಬಿಸಿ ಸೈಲೆನ್ಸರಿಗೆ ತಾಗಿದರೆ ಪಿವಿಸಿ ಕರಗಿ ಅಂಟುತ್ತದೆ.

ವಾಟರ್‌ಪ್ರೂಫ್ ಬೂಟು ತೆಗೊಂಡರೂ ನೀರು ಬರುವುದು ಹೆಚ್ಚಾಗಿ ಮೇಲಿನ ಬಾಯಿಯಿಂದ. ರೈನ್ ಪ್ಯಾಂಟನ್ನು ಬೂಟಿನ ಒಳಗೆ ತುರುಕಿದರೆ ತೊಡೆಯಿಂದ ಇಳಿದ ನೀರೆಲ್ಲ ಸೀದಾ ಒಳಗೆ. ಪ್ಯಾಂಟು ಹೊರಗೇ ಇರಬೇಕು, ತುದಿಯನ್ನು ವೆಲ್ಕ್ರೋದಲ್ಲಿ ಬಿಗಿ ಮಾಡಬೇಕು. ಕೂತಾಗ ಮೊಣಕಾಲು ಮಡಚಿ ಪ್ಯಾಂಟು ನಾಲ್ಕು ಬೆರಳಿನಷ್ಟು ಮೇಲೆ ಏರುತ್ತದೆ. ನಿಂತು ಉದ್ದ ನೋಡಬೇಡಿ, ಬೈಕಿನಲ್ಲಿ ಕೂತು ನೋಡಿ. ಗಿಡ್ಡ ಶೂಗೆ ಇದೇ ಕಷ್ಟ: ಪ್ಯಾಂಟು ಏರಿದ ಕೂಡಲೇ ಬಾಯಿ ತೆರೆದ ಹಾಗೆ.

ಶೂ ಮೇಲೆ ಹಾಕುವ ರೈನ್ ಕವರಿನದ್ದು ಇನ್ನೊಂದು ತಾಪತ್ರಯ. ಅಡಿ ನುಣುಪಾಗಿದ್ದರೆ ಒದ್ದೆ ಫುಟ್‌ರೆಸ್ಟಿನಲ್ಲಿ ಕಾಲು ನಿಲ್ಲುವುದಿಲ್ಲ, ಗೇರ್ ಲಿವರ್ ತಾಗುವ ಜಾಗ ಬೇಗ ಹರಿಯುತ್ತದೆ. ತೆಗೊಳ್ಳುವುದಾದರೆ ಅಡಿಯಲ್ಲಿ ರಬ್ಬರ್ ಸೋಲ್ ಇರುವುದನ್ನೇ ತೆಗೊಳ್ಳಿ.

ಬಯಲುಸೀಮೆ_ಬೈಕು:
ಇಷ್ಟೆಲ್ಲಾ ಖರೆ ಅದ ರೀ, ಆದ್ರ ವಾಟರ್‌ಪ್ರೂಫ್ ಅಂದ ಕೂಡಲೇ ತಗೋಬ್ಯಾಡ್ರಿ. ಒಳಗಿನ ಮೆಂಬ್ರೇನ್, ಅಂದ್ರ ನೀರು ತಡಿಯೋ ತೆಳು ಪದರ, ಬೆವರನ್ನ ಸಾವಕಾಶ ಹೊರಗ ಬಿಡ್ತದ. ಹೊರಗ ಮೂವತ್ತೆಂಟು, ನಲವತ್ತು ಡಿಗ್ರಿ ಇದ್ದಾಗ ಬೆವರು ಒಳಗ ನಿಲ್ತದ, ಅಂಗಾಲು ಮೆತ್ತಗಾಗಿ ಬೊಬ್ಬಿ ಏಳ್ತಾವ. ಬಳ್ಳಾರಿ, ರಾಯಚೂರು ಕಡೆ ಏಪ್ರಿಲ್, ಮೇದಾಗ ಗಾಳಿಯಾಡೋ ಬೂಟು ಹಾಕಿ, ಮಳಿ ಬಂದ್ರ ವಾಟರ್‌ಪ್ರೂಫ್ ಸಾಕ್ಸ್ ಹಾಕ್ಕೊಳ್ಳೋದು ಛಲೋ. ಸಾಕ್ಸ್ ಕಾಟನ್ ಬ್ಯಾಡ. ಕಾಟನ್ ಬೆವರು ಹೀರ್ಕೊಂಡು ಹಂಗೇ ಇರ್ತದ. ಸಿಂಥೆಟಿಕ್ ಇಲ್ಲಾ ಮೆರಿನೊ ಉಣ್ಣಿದ್ದು, ಬೂಟಿಗಿಂತ ಎರಡು ಬೆರಳು ಎತ್ತರ ಇರಬೇಕು. ಇಲ್ಲಂದ್ರ ಬೂಟಿನ ಅಂಚು ತೊಗಲಿಗೆ ತಿಕ್ತದ.

ಕುಡ್ಲ_ರೈಡರ್:
ನಿಮ್ಮ ಊರಿಗೆ ಅದು ಸರಿ. ಚಾರ್ಮಾಡಿಯಲ್ಲಿ ಜುಲೈಯಲ್ಲಿ ಚರ್ಮವೇ ನೀರು ಕುಡಿದು ಎರಡರಷ್ಟು ಭಾರ ಆಗುತ್ತದೆ, ಒಣಗಲಿಕ್ಕೆ ಎರಡು ದಿನ. ದಿನಾ ಓಡಾಡುವವರಿಗೆ ಮರುದಿನ ಬೆಳಿಗ್ಗೆ ಹಾಕಲಿಕ್ಕೆ ಏನುಂಟು? ಇವರಿಗೆ ಮೆಂಬ್ರೇನ್ ಇರುವುದೇ ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಚರ್ಮ_ದುರಸ್ತಿ:
ಮೆಂಬ್ರೇನ್ ಬೂಟು ಕೊಳ್ಳುವವರಿಗೆ ಎರಡು ಮಾತು. ಸೋಲ್ ಬಿಟ್ಟುಕೊಂಡಾಗ ಬಸ್‌ಸ್ಟ್ಯಾಂಡ್ ಹತ್ತಿರ ಕೊಟ್ಟು ಸುತ್ತ ದಾರದ ಹೊಲಿಗೆ ಹಾಕಿಸಬೇಡಿ. ದಬ್ಬಣ ಒಳಗಿನ ಮೆಂಬ್ರೇನ್‌ಗೂ ತೂತು ಮಾಡಿದರೆ ಆ ಪ್ರತಿ ತೂತಿನಿಂದಲೂ ನೀರು ಬರುತ್ತದೆ. ಬರೀ ಅಂಟಿನ ಕೆಲಸ ಮಾಡಿಸಿ: ಹಳೆಯ ಅಂಟನ್ನು ಮರಳು ಕಾಗದದಲ್ಲಿ ಪೂರ್ತಿ ಉಜ್ಜಿ, ಎರಡೂ ಮುಖಕ್ಕೆ ತೆಳುವಾಗಿ ಸಲ್ಯೂಷನ್ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ, ರಾತ್ರಿಯಿಡೀ ಭಾರದ ಕೆಳಗೆ ಇಡಬೇಕು. ಹಸಿ ಇರುವಾಗಲೇ ಒತ್ತಿದರೆ ವಾರದೊಳಗೆ ಮತ್ತೆ ಬಾಯಿ ಬಿಡುತ್ತದೆ.

ಇನ್ನೊಂದು, ಪಾಲಿಯುರೆಥೇನ್ ಸೋಲ್. ಗಾಳಿಯ ತೇವಾಂಶಕ್ಕೇ ಅದು ಒಳಗಿಂದ ಶಿಥಿಲವಾಗುತ್ತದೆ, ಹಾಕದೆ ಡಬ್ಬದಲ್ಲಿಟ್ಟರೂ ಬಿಡುವುದಿಲ್ಲ. ನಾಲ್ಕೈದು ವರ್ಷ ಅಂಗಡಿಯಲ್ಲಿ ಕೂತ ಬೂಟು ಹೊಸದಾಗಿ ಕಂಡರೂ ಮೊದಲ ಮಳೆಗೇ ಸೋಲ್ ಪುಡಿಪುಡಿ ಆಗಬಹುದು. ಭಾರಿ ರಿಯಾಯಿತಿಯ ಹಳೆ ಸ್ಟಾಕ್ ಕಂಡರೆ ತಯಾರಾದ ತಿಂಗಳು, ವರ್ಷ ನೋಡಿ. ಸೋಲ್‌ಗೆ ಉಗುರು ಒತ್ತಿ, ಗುರುತು ಹಾಗೇ ಉಳಿದರೆ ಅಥವಾ ಚೂರು ಎದ್ದರೆ ಬಿಟ್ಟುಬಿಡಿ. ಪೂರ್ತಿ ರಬ್ಬರ್ ಸೋಲ್‌ಗೆ ಈ ಕಾಟವಿಲ್ಲ.

ಒದ್ದೆಯಾದ ಬೂಟನ್ನು ಒಲೆಯ ಹತ್ತಿರ, ಬಿಸಿ ಎಂಜಿನ್ ಮೇಲೆ ಇಡುವ ಅಭ್ಯಾಸ ಬಿಡಿ. ಚರ್ಮ ಸೆಟೆದು ಬಿರಿಯುತ್ತದೆ, ಅಂಟು ಮೆದುವಾಗುತ್ತದೆ. ಒಳಗಿನ ಇನ್‌ಸೋಲ್ ತೆಗೆದು ಬೇರೆ ಒಣಗಿಸಿ, ಬೂಟಿನೊಳಗೆ ಹಳೆ ಪೇಪರ್ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಫ್ಯಾನ್ ಕೆಳಗಿಡಿ. ಬೂಷ್ಟು ಬಂದರೆ ಮನೆಯ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ, ಸಮಪ್ರಮಾಣದ ನೀರು ಮತ್ತು ಬಿಳಿ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಲೆದರ್ ಕಂಡೀಷನರ್ ತೆಳುವಾಗಿ ಹಚ್ಚಿ. ತೇವ ಇರುವಾಗಲೇ ಎಣ್ಣೆ ಬಳಿದರೆ ಒಳಗಿನ ನೀರು ಅಲ್ಲೇ ಉಳಿದು ಬೂಷ್ಟು ಇನ್ನೂ ಜೋರಾಗುತ್ತದೆ.

ಹಿಮಾಲಯನ್_ಅಕ್ಕ:
ಸೈಜ್ ಬಗ್ಗೆ ಯಾರೂ ಬರೆದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಬೂಟು ವಾಪಸ್ ಹೋಗುವುದು ಬಹುಪಾಲು ಅದಕ್ಕೇ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ರೈಡಿಂಗ್ ಸಾಕ್ಸ್ ಹಾಕಿಕೊಂಡು ಪೇಪರ್ ಮೇಲೆ ನಿಲ್ಲಿ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಗೆ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಎರಡು ಪಾದದಲ್ಲಿ ದೊಡ್ಡದರ ಅಳತೆ ಹಿಡಿಯಿರಿ. ಅದಕ್ಕೆ 15 ಸೇರಿಸಿ 6.67ರಿಂದ ಭಾಗಿಸಿದರೆ ಯುರೋಪಿನ ಸೈಜ್‌ನ ಅಂದಾಜು ಬರುತ್ತದೆ. ಪಾದ 265 ಇದ್ದರೆ 42. ಆಮೇಲೆ ಕಂಪನಿಯ ಚಾರ್ಟ್ ಜೊತೆ ಹೋಲಿಸಿ. ಅಗಲವನ್ನೂ ಅಳೆಯಿರಿ. ನಮ್ಮಲ್ಲಿ ಬೆರಳಿನ ಬುಡ ಅಗಲ ಇರುವವರು ಬಹಳ, ಇಟಲಿಯ ಸಿಡಿ, ಆಲ್ಪೈನ್‌ಸ್ಟಾರ್ಸ್ ಕಂಪನಿಗಳ ಎಷ್ಟೋ ಮಾಡೆಲ್‌ಗಳು ಆ ಜಾಗದಲ್ಲಿ ಬಿಗಿ. ಬಿಗಿ ಅಂತ ಒಂದು ಸೈಜ್ ದೊಡ್ಡದು ತೆಗೆದುಕೊಂಡರೆ ಹಿಮ್ಮಡಿ ಒಳಗೆ ಎದ್ದು ಎದ್ದು ಕೂರುತ್ತದೆ, ಗಿಣ್ಣಿನ ಪ್ಯಾಡ್ ಗಿಣ್ಣಿನ ಜಾಗದಲ್ಲಿ ನಿಲ್ಲುವುದಿಲ್ಲ. ಆಗ ಬೇರೆ ಕಂಪನಿ ನೋಡುವುದೇ ದಾರಿ.

ಹೆಂಗಸರಿಗೆ ಇನ್ನೂ ಕಷ್ಟ. 37, 38 ಸೈಜ್ ಬಹಳ ಅಂಗಡಿಗಳಲ್ಲಿ ಇರುವುದೇ ಇಲ್ಲ. ಗಂಡಸರ 40ಕ್ಕೆ ಎರಡು ಸಾಕ್ಸ್ ಹಾಕಿ ಅನ್ನುವ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಕಾಲಿನ ಮೀನಖಂಡದ ಸುತ್ತಳತೆಯೂ ಮುಖ್ಯ, ಜಿಪ್ ಮೇಲಿನವರೆಗೆ ಏರದ ಬೂಟು ದಾರಿಯಲ್ಲಿ ತೆರೆದುಕೊಳ್ಳುತ್ತದೆ. ಹಿಮಾಲಯನ್ 450ರ ಸೀಟು 825 ಮಿಲಿಮೀಟರ್. ನನ್ನಂಥ ಗಿಡ್ಡ ಎತ್ತರದವರಿಗೆ ಬೂಟಿನ ಸೋಲ್ 15 ಮಿಲಿಮೀಟರ್ ದಪ್ಪ ಇದ್ದರೂ ನೆಲ ಸಿಗುವ ರೀತಿಯೇ ಬೇರೆ. ಮೋಟೋಕ್ರಾಸ್ ಬೂಟು ಮಾತ್ರ ಬೇಡ. ಗಿಣ್ಣು ಬಾಗದ ಕಾರಣ ಇಳಿಜಾರಿನಲ್ಲಿ ಬೈಕು ಹಿಡಿದು ನಿಲ್ಲುವುದು ಕಷ್ಟ.

ಕೊಪ್ಪದ_ಸವಾರ:
ತುಂಬಾ ಉಪಕಾರವಾಯಿತು. ಸೇಫ್ಟಿ ಶೂ ಕೈಬಿಟ್ಟೆ. ಇನ್ನೆರಡು ಪ್ರಶ್ನೆ. ಲೇಬಲ್ ಇಲ್ಲದ ದೇಶಿ ಬೂಟು ಅಂಗಡಿಯಲ್ಲಿ ಕಂಡರೆ ಕೈಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಬೂಟಿನ ಮೂತಿ ದಪ್ಪ ಇದ್ದರೆ ಗೇರ್ ಲಿವರ್ ಕೆಳಗೆ ಹೋಗುತ್ತದೆಯೇ?

ಘಾಟಿರಸ್ತೆ:
ಒಂದು ಕೈಯಲ್ಲಿ ಮೂತಿ, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ಒಳಗೆ ಉಕ್ಕಿನ ಅಥವಾ ನೈಲಾನ್ ಪಟ್ಟಿ ಇಲ್ಲ. ಬೆರಳಿನ ಬುಡದ ಜಾಗದಲ್ಲಿ ಎರಡೂ ಬದಿಯಿಂದ ಸೋಲನ್ನು ಅಂಗೈಯಲ್ಲಿ ಅದುಮಿ, ಮಡಚಿಕೊಂಡರೆ ಬೇಡ. ಹಿಮ್ಮಡಿಯ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಬಾರದು. ಗಿಣ್ಣಿನ ಎರಡೂ ಬದಿ ಗಟ್ಟಿ ಬಿಲ್ಲೆ ಇರಬೇಕು, ಹೊರಗಿನ ಬದಿಗೆ ಮಾತ್ರ ಹಾಕಿ ಒಳಬದಿ ಬಿಟ್ಟಿರುವವು ಇವೆ. ಕೊನೆಗೆ ಎಲ್ಲ ಪಟ್ಟಿ ಬಿಗಿದು ಕೂತು, ಇನ್ನೊಬ್ಬರಿಗೆ ಹಿಮ್ಮಡಿ ಹಿಡಿದು ಎಳೆಯಲು ಹೇಳಿ. ಕಳಚಿ ಬಂದರೆ ಬೀಳುವಾಗಲೂ ಕಳಚುತ್ತದೆ, ಉಳಿದ ಪರೀಕ್ಷೆಯಲ್ಲಿ ಪಾಸಾಗಿದ್ದರೂ ತೆಗೆದುಕೊಳ್ಳಬೇಡಿ.

ಕ್ಲಾಸಿಕ್‌ನಲ್ಲಿ ಹಿಂದೆ ಮುಂದೆ ಎರಡೂ ಕಡೆ ತುಳಿಯುವ ಲಿವರ್ ಇರುವುದರಿಂದ ಮೇಲಿನ ಗೇರನ್ನು ಹಿಮ್ಮಡಿಯಲ್ಲಿ ಹಾಕಬಹುದು, ಮೂತಿ ಕೆಳಗೆ ತೂರಿಸಲೇಬೇಕೆಂದಿಲ್ಲ. ಆದರೆ ದಪ್ಪ ಸೋಲ್ ಇದ್ದಾಗ ಪಾದ ಗೊತ್ತಿಲ್ಲದೆ ಮುಂದಿನ ಲಿವರ್ ಮೇಲೆಯೇ ಒರಗಿರುತ್ತದೆ. ಅದರಿಂದ ಗೇರ್ ಜಾರುತ್ತದೆ.

ಹಿಮಾಲಯನ್_ಅಕ್ಕ:
ಒಂದೇ ಬದಿಯ ಲಿವರ್ ಇರುವ ಬೈಕುಗಳಿಗೆ: ಲಿಂಕ್ ರಾಡ್ ಇದ್ದರೆ ಎರಡೂ ತುದಿಯ ಲಾಕ್‌ನಟ್ ಸಡಿಲಿಸಿ, ರಾಡನ್ನೇ ಅರ್ಧರ್ಧ ಸುತ್ತು ತಿರುಗಿಸಿ ಲಿವರ್ ಎತ್ತರಿಸಿ. ಹೆಚ್ಚಿನ ಬೈಕುಗಳಲ್ಲಿ ಒಂದು ತುದಿಯ ನಟ್ ಉಲ್ಟಾ ದಿಕ್ಕಿಗೆ ತಿರುಗುವ ಎಡಮರೆಯದ್ದು, ತಿರುಗದಿದ್ದರೆ ಬಲ ಹಾಕಬೇಡಿ, ಎದುರು ದಿಕ್ಕಿಗೆ ಪ್ರಯತ್ನಿಸಿ. ರಾಡ್ ಇಲ್ಲದಿದ್ದರೆ ಲಿವರ್‌ನ ಬೋಲ್ಟ್ ಪೂರ್ತಿ ಕಳಚಿ, ಹಲ್ಲಿನ ಶಾಫ್ಟ್‌ನಿಂದ ಎಳೆದು, ಒಂದೇ ಒಂದು ಹಲ್ಲು ಮೇಲಕ್ಕೆ ಕೂರಿಸಿ. ಬೂಟು ಹಾಕಿಕೊಂಡು, ಬೈಕನ್ನು ಸೆಂಟರ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ ಎಲ್ಲ ಗೇರ್ ಹಾಕಿ ನೋಡಿ.

ಚರ್ಮ_ದುರಸ್ತಿ:
ಬಲಗಾಲಿನ ಕಡೆಯೂ ನೋಡಿ. ದಪ್ಪ ಸೋಲ್ ಬಂದ ಮೇಲೆ ಪಾದ ಬ್ರೇಕ್ ಪೆಡಲ್ ಮೇಲೆ ಕೂತಿರುತ್ತದೆ, ಪ್ಯಾಡ್ ಬಿಸಿಯಾಗುತ್ತಾ ಹೋಗುತ್ತದೆ. ಪೆಡಲ್ ಎತ್ತರ ಇಳಿಸಿದರೆ ಬ್ರೇಕ್ ಲೈಟ್ ಸ್ವಿಚ್‌ನ ನಟ್ ಅನ್ನೂ ಹೊಂದಿಸಬೇಕು. ಹೊಂದಿಸದಿದ್ದರೆ ಲೈಟ್ ಸದಾ ಉರಿಯುತ್ತಿರುತ್ತದೆ ಅಥವಾ ತಡವಾಗಿ ಹತ್ತುತ್ತದೆ. ಕತ್ತಲೆಯಲ್ಲಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಬ್ರೇಕ್ ಹಿಡಿಯಲು ಶುರುವಾಗುವ ಮೊದಲೇ ಗೋಡೆ ಕೆಂಪಾಗುತ್ತದೆಯೇ ಅಂತ ನೋಡಿಕೊಳ್ಳಿ.