ಲಂಡನ್ನಿನ ಮಳೆಯ ದಿನಗಳು: ಯುದ್ಧಕಾಲದ ಸಂಗ್ರಹಾಲಯಗಳು, ಒಳಾಂಗಣ ಆಟಗಳು

ಪ್ರಶ್ನೆ:
ಮುಂದಿನ ತಿಂಗಳು ಮಕ್ಕಳೊಂದಿಗೆ ನಾಲ್ಕು ದಿನ ಲಂಡನ್ನಿನಲ್ಲಿರುತ್ತೇವೆ. ಹದಿಮೂರರ ಮಗನಿಗೆ ಎರಡನೆಯ ಮಹಾಯುದ್ಧದ ಇತಿಹಾಸವೆಂದರೆ ಪ್ರಾಣ. ಒಂಬತ್ತರ ಮಗಳು ಗಾಜಿನ ಪೆಟ್ಟಿಗೆಗಳ ಮುಂದೆ ಅರ್ಧ ಗಂಟೆಯೂ ನಿಲ್ಲುವವಳಲ್ಲ, ಅವಳಿಗೆ ಮೈದಣಿಯುವ ಆಟ ಬೇಕು. ಮಳೆ ಹಿಡಿದರೂ ದಿನ ಹಾಳಾಗದಂತೆ, ಇಬ್ಬರಿಗೂ ಒಪ್ಪುವಂತೆ ಹೇಗೆ ಹೊಂದಿಸಿಕೊಳ್ಳಬಹುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಒಂದೇ ಸ್ಥಳಕ್ಕೆ ಸಮಯವಿದ್ದರೂ ಚರ್ಚಿಲ್ ವಾರ್ ರೂಮ್ಸ್ ಬಿಡಬೇಡಿ; ಬ್ರಿಟನ್ನಿನ ಯುದ್ಧಕಾಲದ ಪ್ರಧಾನಿ ಚರ್ಚಿಲ್ ಮತ್ತು ಅವರ ತಂಡ ಯುದ್ಧವನ್ನು ನಿರ್ದೇಶಿಸುತ್ತಿದ್ದ ತಾಣವಿದು. ವೈಟ್‌ಹಾಲ್‌ನ ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿರುವ ಈ ಕೊಠಡಿಗಳು ಯುದ್ಧ ಘೋಷಣೆಗೆ ಒಂದು ವಾರ ಮೊದಲು, 1939ರ ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿದವು. ಅಲ್ಲಿನ ನಕ್ಷೆಯ ಕೋಣೆಯ ದೀಪಗಳು ಆರಿದ್ದು 1945ರ ಆಗಸ್ಟ್‌ನಲ್ಲಿ. ಅಟ್ಲಾಂಟಿಕ್ ಸಾಗರದ ನಕ್ಷೆಯಲ್ಲಿ ಹಡಗುಗಳ ಜಾಡು ಗುರುತಿಸಲು ಚುಚ್ಚಿದ ಗುಂಡುಸೂಜಿಗಳ ತೂತುಗಳು ಇಂದಿಗೂ ಒತ್ತೊತ್ತಾಗಿ ಕಾಣುತ್ತವೆ. ಅದರ ಮುಂದಿನಿಂದ ಕದಲಲು ನನಗೆ ಬಹಳ ಹೊತ್ತು ಬೇಕಾಯಿತು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರೊಡನೆ ಚರ್ಚಿಲ್ ಮಾತನಾಡುತ್ತಿದ್ದ ಗುಪ್ತ ದೂರವಾಣಿಯ ಕಿರುಕೋಣೆಗೆ ಶೌಚಾಲಯದ ಬಾಗಿಲಿನ ಚಿಲಕವನ್ನೇ ಹಾಕಿದ್ದರು. ಇದನ್ನು ಮಗಳಿಗೆ ಮೊದಲೇ ಹೇಳಿಡಿ, ಅವಳೇ ಹುಡುಕಿಕೊಂಡು ಹೋಗುತ್ತಾಳೆ. ಟಿಕೆಟ್ ಮುಂಗಡವಾಗಿ ಕಾಯ್ದಿರಿಸುವುದು ಒಳ್ಳೆಯದು.

ಉತ್ತರ 2:
ಲ್ಯಾಂಬೆತ್ ರಸ್ತೆಯ ಇಂಪೀರಿಯಲ್ ವಾರ್ ಮ್ಯೂಸಿಯಂಗೆ ಪ್ರವೇಶ ಉಚಿತವಾದ್ದರಿಂದ ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಬೇಕೆಂಬ ಒತ್ತಡವಿರುವುದಿಲ್ಲ. ಒಳಗೆ ಕಾಲಿಡುತ್ತಲೇ ತಲೆಯ ಮೇಲೆ ಸ್ಪಿಟ್‌ಫೈರ್ ಯುದ್ಧವಿಮಾನ ತೂಗುತ್ತಿರುತ್ತದೆ. ಆದರೆ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಹತ್ಯೆ) ವಿಭಾಗ ಹದಿನಾಲ್ಕರೊಳಗಿನವರಿಗೆ ಸೂಕ್ತವಲ್ಲವೆಂದು ಸಂಗ್ರಹಾಲಯವೇ ಹೇಳುತ್ತದೆ. ಮಗ ಎಷ್ಟೇ ಓದಿಕೊಂಡಿದ್ದರೂ ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಗಳಿಗೆ ಹಿಡಿಸುವುದು ಥೇಮ್ಸ್ ನದಿಯಲ್ಲಿ ಲಂಗರು ಹಾಕಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದತ್ತ ಫಿರಂಗಿ ಹಾರಿಸಿದ ಈ ಯುದ್ಧನೌಕೆಯ 9 ಅಂತಸ್ತುಗಳನ್ನು ಕಡಿದಾದ ಕಬ್ಬಿಣದ ಏಣಿಗಳಲ್ಲೇ ಹತ್ತಿಳಿಯಬೇಕು. ಹಿಡಿತವಿರುವ ಬೂಟು ಹಾಕಿಸಿ.

ಉತ್ತರ 3:
ಬೆಳಿಗ್ಗೆ ಸಂಗ್ರಹಾಲಯ, ಮಧ್ಯಾಹ್ನ ಆಟ ಎಂದಿಟ್ಟುಕೊಂಡರೆ ಇಬ್ಬರೂ ಬೇಸರಪಡುವುದಿಲ್ಲ. ಕ್ವೀನ್ಸ್‌ವೇಯಲ್ಲಿ ಹಿಮದ ಮೇಲಿನ ಸ್ಕೇಟಿಂಗ್ ಮತ್ತು ಬೌಲಿಂಗ್ ಒಂದೇ ಸೂರಿನಡಿ ಸಿಗುತ್ತವೆ. 2012ರ ಒಲಿಂಪಿಕ್ಸ್‌ಗಾಗಿ ವಾಸ್ತುಶಿಲ್ಪಿ ಝಾಹಾ ಹದೀದ್ ವಿನ್ಯಾಸಗೊಳಿಸಿದ ಸ್ಟ್ರಾಟ್‌ಫರ್ಡ್‌ನ ಈಜುಕೊಳ ಈಗ ಸಾರ್ವಜನಿಕರಿಗೂ ತೆರೆದಿದೆ; ಯಾವ ವೇಳೆ ಯಾರಿಗೆ ಮೀಸಲೆಂದು ಹೊರಡುವ ಮೊದಲೇ ನೋಡಿಕೊಳ್ಳಿ. ನೆಲಮಾಳಿಗೆಯ ಆ ಕೋಣೆಗಳಿಂದ ಹೊರಬಂದ ಮೇಲೆ ನಿಮ್ಮ ಮಗನಿಗೂ ನೀರಿಗೆ ಧುಮುಕಬೇಕೆನಿಸಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹಡಗು ಮತ್ತು ಈಜು ಒಂದು ದಿನ, ವಾರ್ ರೂಮ್ಸ್ ಮತ್ತು ಸ್ಕೇಟಿಂಗ್ ಇನ್ನೊಂದು ದಿನ ಎಂದು ಗೊತ್ತುಮಾಡಿದ್ದೇವೆ. ಚಿಲಕದ ಕಥೆಯನ್ನು ಮಗಳಿಗೆ ನಿನ್ನೆ ರಾತ್ರಿಯೇ ಹೇಳಿದೆ.