ಅಪ್‌ಡೇಟ್: ಅಜ್ಜನ ಮುಧೋಳ ನಾಯಿಯ ತಳಿ ಹುಡುಕಾಟ

ಅಜ್ಜ ಸಾಕಿದ್ದ ಮುಧೋಳ ನಾಯಿಗಳ ಹಳೇ ತಳಿ ಎಲ್ಲಿ ಸಿಗಬಹುದು ಅಂತ ಕೇಳಿದ್ದೆ, ಅಲ್ವಾ? ಅರ್ಧ ದಾರಿ ಬಂದಿದ್ದೇನೆ.

ಮರಿ ಮಾರುವ ಒಬ್ಬರು, ಈ ತಳಿಯನ್ನು ಉಳಿಸಿ ಬೆಳೆಸಿದ ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಕಾಲದ ರಕ್ತ ಅಂತ ಸರ್ಟಿಫಿಕೇಟ್ ತೋರಿಸಿದರು. ಅದರಲ್ಲಿ ಮರಿಯ ಅಜ್ಜಿಯ ಹೆಸರೂ ಇರಲಿಲ್ಲ! ಸುಮ್ನೆ ಎದ್ದು ಬಂದೆ.

ಲೋಕಾಪುರದ ಕಡೆ ಕುರಿ ಕಾಯುವ ಹಿರಿಯರೊಬ್ಬರು ಸಿಕ್ಕರು. ಕಾಗದ ಒಂದೂ ಇಲ್ಲ. ಆದರೆ ತಮ್ಮ ಹೆಣ್ಣುನಾಯಿಯ ತಾಯಿ, ಅಜ್ಜಿ, ಮುತ್ತಜ್ಜಿ ಯಾರ ಮನೆಯವು ಅಂತ ಬಾಯಲ್ಲೇ ಹೇಳಿದರು. ನಾಯಿ ಚೆನ್ನಾಗಿದೆ: ಉದ್ದ ಮೂತಿ, ಒಳಕ್ಕೆ ಸೇದಿದ ಹೊಟ್ಟೆ, ಎಣಿಸುವಂಥ ಪಕ್ಕೆಲುಬು. ತೊಂದರೆ ಏನೆಂದರೆ ಅದು ನುಣುಪು ಮೈಯ ಕರವಾನಿ. ಅಜ್ಜನದು ಕಿವಿ, ಬಾಲದಲ್ಲಿ ಉದ್ದ ಕೂದಲಿದ್ದ ಪಶ್ಮಿ.

ಮುಂದಿನ ವಾರ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋಗುತ್ತೇನೆ. ಅಜ್ಜನ ಹಳೇ ಫೋಟೋ ಜೊತೆಗಿರುತ್ತದೆ.